ಮಡಂತ್ಯಾರಿಗೆ ಬಂದ ಅಲಬಾಮಾ

ನಿನ್ನ ಮೂತ್ರಪಿಂಡ ಎಲ್ಲಿದೆ ಎಂದು ಯಾರಾದರೂ ಥಟ್ಟನೆ ಕೇಳಿದರೆ ನಾನು ಸೊಂಟವನ್ನೂ ಬೆನ್ನನ್ನೂ ಒಟ್ಟಿಗೆ ಮುಟ್ಟಿ, ಇಲ್ಲೇ ಎಲ್ಲೋ ಇರಬೇಕು ಎನ್ನುತ್ತೇನೆ. ನಾಯಿಯದ್ದು ಎಲ್ಲಿದೆ ಎಂದು ಕೇಳಿ ನೋಡಿ. ಬಲಗಡೆಯದ್ದು ಎಡಗಡೆಯದ್ದಕ್ಕಿಂತ ತುಸು ಮುಂದಿರುತ್ತದೆ ಎಂಬಲ್ಲಿಂದ ಶುರುಮಾಡಿ ನೀವು ಸಾಕು ಎನ್ನುವವರೆಗೆ ಹೇಳಬಲ್ಲೆ. ಈ ಜ್ಞಾನ ನನಗೆ ಕಳೆದ ಮಳೆಗಾಲದಲ್ಲಿ ಒದಗಿ ಬಂತು. ಅದಕ್ಕೆ ಬೆಲೆ ತೆತ್ತವನು ಮಾತ್ರ ನಮ್ಮ ಮನೆಯ ನಾಯಿ ಬೊಗ್ಗು.

ನಾನು ವೃತ್ತಿಯಿಂದ ವಿಮೆ ಏಜೆಂಟು. ಮನೆ ಮಡಂತ್ಯಾರಿನಲ್ಲಿ. ಅತ್ತ ಬಂಟ್ವಾಳ, ಇತ್ತ ಬೆಳ್ತಂಗಡಿ, ಪಕ್ಕಕ್ಕೆ ಮಿಜಾರಿನ ಕಾಲೇಜು ಮೇಷ್ಟ್ರುಗಳವರೆಗೆ ನನ್ನ ಸ್ಕೂಟರು ಓಡುತ್ತದೆ. ‘ಏನಾದರೂ ಆದರೆ?’ ಎಂಬುದು ನನ್ನ ಬಂಡವಾಳ. ಚೆನ್ನಾಗಿ ಉಂಡು ಎಲೆಯಡಿಕೆ ಹಾಕಿಕೊಂಡು ಕೂತ ಮನುಷ್ಯನ ಎದುರು ಈ ಮಾತನ್ನು ಮೆಲ್ಲಗೆ ಇಟ್ಟು, ಅವನ ಮುಖ ಬಾಡುವವರೆಗೆ ಕಾದು, ಆಮೇಲೆ ಫಾರ್ಮು ತೆಗೆಯುವುದು ನಮ್ಮ ಕ್ರಮ. ಇಷ್ಟು ವರ್ಷ ಊರಿಗೆಲ್ಲ ಹೆದರಿಕೆ ಹಂಚಿದವಳು ನಾನು. ಆದರೆ ಅಡುಗೆಯವಳಿಗೆ ತನ್ನ ಅಡುಗೆಯ ರುಚಿ ಹತ್ತುವುದಿಲ್ಲವಲ್ಲ, ಹಾಗೆ ನನಗೆ ಮಾತ್ರ ಹೆದರಿಕೆ ಹತ್ತಿರಲಿಲ್ಲ.

ಬೊಗ್ಗು ಊರ ನಾಯಿ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದಕ್ಕೆ ಆ ಉಮೇದಿಲ್ಲ. ಸಾಕಿದವರು ನಾವು ಎಂದು ನಾವು ಹೇಳಿಕೊಳ್ಳುತ್ತೇವೆ, ಅವನು ಹೇಳಿಕೊಂಡದ್ದಿಲ್ಲ. ಬೆಳಗ್ಗೆ ನಮ್ಮಲ್ಲಿ ದೋಸೆ, ಮಧ್ಯಾಹ್ನ ಪಕ್ಕದ ಉಸ್ಮಾನಾಕನ ಮನೆಯ ಹಿಂದೆ ಮೀನಿನ ತಲೆ, ಸಂಜೆ ಪೇಟೆ ಸುತ್ತು. ಉಸ್ಮಾನಾಕ ಬಹುಕಾಲ ಗಲ್ಫಿನಲ್ಲಿದ್ದು ಬಂದ ಬ್ಯಾರಿ ಹಿರಿಯರು. ಮೀನಿನ ತಲೆಯನ್ನು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಲುಂಗಿಯ ಅಂಚನ್ನು ಮೇಲೆತ್ತಿ ಹಿಡಿದು, “ಬಾ” ಎನ್ನುತ್ತಿದ್ದರು. ನಾಯಿಯ ಜೊಲ್ಲು ತಾಗಿದರೆ ನಮಾಜಿಗೆ ನಿಲ್ಲುವ ಮೊದಲು ಅವರಿಗೆ ದೊಡ್ಡ ತೊಳೆತವೇ ಉಂಟು. ಬೊಗ್ಗುವಿಗೂ ಇದು ಗೊತ್ತಿತ್ತು. ಅವನೂ ಅವರಿಂದ ನಾಲ್ಕು ಹೆಜ್ಜೆ ದೂರವೇ ನಿಂತು ಬಾಲ ಆಡಿಸಿ ಹೋಗುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟದೆ ಅಷ್ಟು ವರ್ಷ ಸ್ನೇಹ ನಡೆಸಿದ್ದರು.

ಇನ್ನು ಅಲಬಾಮಾಕ್ಕೆ ಬರುತ್ತೇನೆ. ನನ್ನ ತಂಗಿ ವಿಶಾಲ ಇಂಗ್ಲೆಂಡಿನಲ್ಲಿ ನರ್ಸು. ಒಂದು ಭಾನುವಾರ ವಿಡಿಯೋ ಕಾಲ್ ಮಾಡಿ, ಅಮ್ಮನ ಮಂಡಿನೋವು, ಹಲಸಿನ ಹಪ್ಪಳ ಎಲ್ಲ ಮುಗಿದ ಮೇಲೆ, “ಬೊಗ್ಗುವನ್ನು ತೋರ್ಸು” ಎಂದಳು. ತೋರಿಸಿದೆ. ಅವನು ಮುಂಗಾಲಿನ ಒಂದು ಹುಣ್ಣನ್ನು ನೆಕ್ಕುತ್ತ ಕೂತಿದ್ದ. ನಾಯಿಯ ಕಾಲಿನಲ್ಲಿ ಹುಣ್ಣಿರುವುದು ನಮ್ಮಲ್ಲಿ ಸುದ್ದಿಯಲ್ಲ. ವಿಶಾಲಳ ಮುಖ ಮಾತ್ರ, ನಾನು ‘ಏನಾದರೂ ಆದರೆ?’ ಎಂದಾಗ ಗಿರಾಕಿಗಳ ಮುಖ ಆಗುತ್ತದಲ್ಲ, ಹಾಗಾಯಿತು.

“ಅಕ್ಕ, ಅದು ಅಲಬಾಮಾ ರಾಟ್ ಆಗಿರ್ಬಹುದು” ಎಂದಳು.

ಅವಳು ಹೇಳಿದ್ದರ ಸಾರಾಂಶ ಇಷ್ಟು. ಅಮೆರಿಕದ ಅಲಬಾಮಾದ ಓಟದ ನಾಯಿಗಳಲ್ಲಿ ಮೊದಲು ಕಂಡ ಕಾಯಿಲೆ. ಈಗ ಇಂಗ್ಲೆಂಡಿನ ಕಾಡುದಾರಿಗಳಲ್ಲಿ ತಿರುಗುವ ನಾಯಿಗಳಿಗೂ ಅಪರೂಪಕ್ಕೆ ಬರುತ್ತದೆ. ಮೊದಲು ಕಾಲಿನಲ್ಲೋ ಮೂತಿಯಲ್ಲೋ ಹುಣ್ಣು. ಕೆಲವೇ ದಿನಗಳಲ್ಲಿ ಊಟ ಬಿಡುವುದು, ಮಂಕಾಗುವುದು, ಮೂತ್ರಪಿಂಡ ಸೋಲುವುದು. ಹೆಚ್ಚಿನವು ಉಳಿಯುವುದಿಲ್ಲ. ಕಾರಣ ಯಾರಿಗೂ ಗೊತ್ತಿಲ್ಲ, ಮದ್ದೂ ಇಲ್ಲ. ಇದೇ ಕಾಯಿಲೆ ಎಂದು ಖಚಿತವಾಗುವುದು ಸಾಮಾನ್ಯವಾಗಿ ಸತ್ತ ಮೇಲೆ, ಮೂತ್ರಪಿಂಡವನ್ನು ಪರೀಕ್ಷಿಸಿದಾಗ. ಸತ್ತ ಮೇಲೆ ಮಾತ್ರ ಪ್ರಯೋಜನಕ್ಕೆ ಬರುವ ಒಂದೆರಡು ಪಾಲಿಸಿಗಳನ್ನು ನಾನೂ ಮಾರಿದ್ದೇನೆ. ಆದರೆ ಕೊಳ್ಳುವವರ ಕಡೆಯಿಂದ ಅದು ಹೇಗೆ ಕೇಳಿಸುತ್ತದೆ ಎಂದು ಗೊತ್ತಾದದ್ದು ಅವತ್ತೇ.

“ಹಾಗಾದ್ರೆ ಎಂತ ಮಾಡುದು?” ಎಂದು ಕೇಳಿದೆ.

“ಕೆಸರಿನಿಂದ ಬರ್ತದೆ ಅಂತ ಒಂದು ಗುಮಾನಿ ಉಂಟು. ಹೊರಗೆ ಹೋಗಿ ಬಂದ ಕೂಡಲೇ ಕಾಲಿನ ಕೆಸರು ತೊಳೀಬೇಕು. ಇಲ್ಲಿ ನಾವೆಲ್ಲ ಹಾಗೇ ಮಾಡುದು.”

ಇಂಗ್ಲೆಂಡಿನಲ್ಲಿ ಇದು ಸಾಧ್ಯವಾದ ಮಾತು. ಅಲ್ಲಿ ನಾಯಿ ಹೊರಗೆ ಹೋಗುತ್ತದೆ, ಒಳಗೆ ಬರುತ್ತದೆ. ಬೊಗ್ಗುವಿನ ವಿಷಯದಲ್ಲಿ ಒಳಗೆ ಹೊರಗೆ ಎಂಬ ಭೇದವೇ ಇಲ್ಲ. ಅದೂ ಆಟಿ ತಿಂಗಳು, ಮಳೆಗಾಲದ ನಟ್ಟನಡು. ನಮ್ಮ ತಾಲೂಕಿನ ಆಟಿಯಲ್ಲಿ ಕೆಸರಿಲ್ಲದ ಜಾಗ ಎಂದರೆ ದೇವರ ಕೋಣೆ ಮತ್ತು ಗೋದ್ರೆಜ್ ಕಪಾಟಿನ ಒಳಗೆ ಮಾತ್ರ. ಆದರೂ ನಾನು ತೊಳೆಯಲು ನಿಂತೆ.

ತೊಳೆಯುವ ವ್ಯವಸ್ಥೆ ನಮ್ಮಲ್ಲಿ ಮೊದಲೇ ಇತ್ತೆನ್ನಿ. ಮೆಟ್ಟಿಲ ಬಳಿ ಚೆಂಬಿನಲ್ಲಿ ನೀರಿಟ್ಟು, ಬಂದವರು ಕಾಲು ತೊಳೆದು ಒಳಗೆ ಬರುವುದು, ಬಂದವರಿಗೆ ಬೆಲ್ಲ ನೀರು ಕೊಡುವುದು ಊರಿನ ಹಳೆಯ ಮರ್ಯಾದೆ. ಈಚೆಗೆ ಮನುಷ್ಯರೆಲ್ಲ ಚಪ್ಪಲಿ ಬಿಟ್ಟು ನೇರ ಒಳಗೆ ನುಗ್ಗುವುದರಿಂದ ಆ ಚೆಂಬು ಅಟ್ಟ ಸೇರಿತ್ತು. ಅದನ್ನು ಇಳಿಸಿ ತಿಕ್ಕಿ ಇಟ್ಟೆ. ಬೊಗ್ಗು ಬಂದ ಕೂಡಲೇ ಹಿಡಿದು ನಿಲ್ಲಿಸಿ, ಉಗುರು ಬೆಚ್ಚಗಿನ ನೀರಿನಲ್ಲಿ ನಾಲ್ಕೂ ಕಾಲು ತೊಳೆದು, ಸಾಬೂನು ಹಾಕಿ, ಬೆರಳ ಸಂದು ಸಂದಿಗೆ ಬಟ್ಟೆ ತೂರಿಸಿ ಒರೆಸುವುದು. ಅವನು ಆಕಡೆ ತಿರುಗಿ ಒಂದು ಸೊಳ್ಳೆ ಹಿಡಿಯಲು ಅಂಗಳಕ್ಕೆ ಹಾರಿದರೆ ಮತ್ತೆ ಮೊದಲಿನಿಂದ.

ನಮ್ಮ ಅತ್ತೆ ಚಾವಡಿಯಲ್ಲಿ ಕೂತು ಇದನ್ನು ನೋಡಿ, “ನಮ್ಮ ಬೀಗರು ಮೊದಲ ಸಲ ಬಂದಾಗ್ಲೂ ನೀನು ಇಷ್ಟು ಮಾಡ್ಲಿಲ್ಲ” ಎಂದರು. ಬೀಗರಿಗೆ ಮೂತ್ರಪಿಂಡ ಗಟ್ಟಿ ಇದೆ ಎಂದು ಹೇಳಬೇಕೆನಿಸಿದರೂ ಇನ್ನೊಂದು ಕಾಲು ಎತ್ತಿ ತೊಳೆದೆ.

ನನ್ನ ಗಂಡನಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಅವರಿಂದ ನೀಲಿ ಟಾರ್ಪಾಲು ತರಿಸಿ ಅಂಗಳಕ್ಕೆ ಹಾಸಿದೆ. ಮಳೆ ನೀರು ಟಾರ್ಪಾಲಿನ ಮೇಲೆ ನಿಂತು ಕೆರೆಯಾಯಿತು. ಅದರಲ್ಲಿ ಕಪ್ಪೆ ಬಂತು, ಕಪ್ಪೆ ಹಿಡಿಯಲು ಬೊಗ್ಗು ಇಳಿದ. ಅವನ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ನೋಡಿದೆ. ನಾಲ್ಕು ಕಾಲನ್ನೂ ಒಂದೊಂದಾಗಿ ಎತ್ತಿ ಕೊಡವುತ್ತ ಅವನು ಚಾವಡಿಯಲ್ಲಿ ಹಾಕಿದ ಹೆಜ್ಜೆ ನೋಡಿ, ಎಂದೂ ಬಾಯಿಬಿಟ್ಟು ನಗದ ನನ್ನ ಗಂಡ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನನಗೆ ನಗು ಬರಲಿಲ್ಲ. ಇನ್ನೊಂದು ಕಾಲಿನಲ್ಲೂ ಹುಣ್ಣು ಕಂಡಿತ್ತು.

ಹುಣ್ಣು ಎರಡಾದ ಕೂಡಲೇ ಅತ್ತೆಗೆ ಕಾರಣ ಹೊಳೆಯಿತು. ಬೊಗ್ಗು ನಾಗನ ಕಟ್ಟೆಯ ಬದಿಯಲ್ಲಿ ಕಾಲೆತ್ತಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರಂತೆ. ನಮ್ಮ ಸೀಮೆಯಲ್ಲಿ ಚರ್ಮದ ಮೇಲೆ ಏನೇ ಎದ್ದರೂ ಬೆರಳು ಮೊದಲು ಹೋಗುವುದು ನಾಗನ ಕಡೆಗೆ. ಮನುಷ್ಯರಿಗಾದರೆ ಸರಿ, ನಾಯಿಗೂ ನಾಗದೋಷ ತಟ್ಟುತ್ತದೆಯೇ? ತಟ್ಟಿದರೆ ಅದು ಮಾಡಿದವನ ಲೆಕ್ಕಕ್ಕೋ, ಸಾಕಿದವರ ಲೆಕ್ಕಕ್ಕೋ? ಇಂಥ ಪ್ರಶ್ನೆಗಳು ಶಾಸ್ತ್ರದಲ್ಲಿ ಇರಲೇಬೇಕು, ಏಕೆಂದರೆ ನಾಯಿಗಳು ಶಾಸ್ತ್ರಕ್ಕಿಂತ ಮೊದಲಿನಿಂದಲೂ ಕಾಲೆತ್ತುತ್ತಿವೆ. ನಾನು ಓದಿದವಳು, ಇದನ್ನೆಲ್ಲ ನಂಬುವುದಿಲ್ಲ. ಆದರೆ ವಿಮೆಯವಳು ಯಾವ ಪಾಲಿಸಿಯನ್ನೂ ಬೇಡ ಎನ್ನಬಾರದು. ಗಂಡನನ್ನು ನಾಗನಿಗೆ ತಂಬಿಲ ಸೇವೆ ಮಾಡಿಸಲು ಕಳಿಸಿದೆ.

ಅಲ್ಲಿ ಭಟ್ಟರು ಕೇಳಿದರಂತೆ, “ಯಾರ ಹೆಸರಿನಲ್ಲಿ?”

“ಬೊಗ್ಗು.”

ಹಳಬರಲ್ಲಿ ಆ ಹೆಸರಿನ ಮನುಷ್ಯರೂ ಇದ್ದದ್ದರಿಂದ ಭಟ್ಟರಿಗೆ ಏನೂ ಅನಿಸಲಿಲ್ಲ. “ನಕ್ಷತ್ರ?”

ನಮ್ಮವರು ಸುಳ್ಳು ಹೇಳುವವರಲ್ಲ. ನಾಯಿ ಎಂದು ಹೇಳಲೂ ಬಾಯಿ ಬರಲಿಲ್ಲ. ಕಡೆಗೆ ತಮ್ಮದೇ ಅನೂರಾಧವನ್ನು ಕೊಟ್ಟು ಬಂದರು. ಹೀಗೆ ನಾಯಿಯ ಹೆಸರು, ಗಂಡನ ನಕ್ಷತ್ರ ಸೇರಿಕೊಂಡ ಒಬ್ಬ ಹೊಸ ಮನುಷ್ಯನಿಗೆ ನಾಗನ ಪ್ರಸಾದ ದೊರಕಿತು. ಅತ್ತೆ ಅದನ್ನು ಬೊಗ್ಗುವಿನ ಹುಣ್ಣಿಗೆ ಹಚ್ಚಿದರು. ಅವನು ನೆಕ್ಕಿಬಿಟ್ಟ. ಒಳಗಿನಿಂದಲೂ ಕೆಲಸ ಮಾಡಲಿ ಎಂದರು ಅತ್ತೆ.

ನಾನು ಮಾತ್ರ ಮೂತ್ರಪಿಂಡದ ಕಡೆ ಗಮನ ಇಟ್ಟಿದ್ದೆ. ಮೀನಿನ ತಲೆ ಅದಕ್ಕೆ ಭಾರ ಎಂದು ಎಲ್ಲೋ ಓದಿ, ಉಸ್ಮಾನಾಕನಲ್ಲಿಗೆ ಹೋಗಿ ಮೀನು ಹಾಕಬೇಡಿ ಎಂದೆ.

“ಮೀನು ತಿನ್ನದಿದ್ರೆ ಅದು ನಾಯಿಯಾ ಏಜೆಂಟಕ್ಕ?” ಎಂದರು ಅವರು.

“ಅಲಬಾಮಾ ಕಾಯಿಲೆ ಉಸ್ಮಾನಾಕ. ಕಿಡ್ನಿಗೆ ಬರ್ತದೆ.”

“ನಾನು ಎಷ್ಟೋ ಊರಿನವರ ಒಟ್ಟಿಗೆ ದುಡಿದಿದ್ದೇನೆ. ಅಲಬಾಮಾದವ ಒಬ್ಬನೂ ಸಿಗ್ಲಿಲ್ಲ. ಅಲ್ಲಿಂದ ಇಲ್ಲಿಗೆ ಈ ನಾಯಿಗೆ ಹೇಗೆ ಬಂತು?” ಎಂದು ನಿಜವಾದ ಕುತೂಹಲದಿಂದಲೇ ಕೇಳಿದರು. ಮೀನು ಬೇಡವೆಂದೇ ಮತ್ತೊಮ್ಮೆ ಹೇಳಿ ಬಂದೆ. ಮೀನು ನಿಂತಿತು. ಬದಲಿಗೆ ಬೇಯಿಸಿದ ಸಿಹಿಗುಂಬಳ ಇಟ್ಟೆ. ಬೊಗ್ಗು ಮೂಸಿ ನೋಡಿ, ತಟ್ಟೆಗೂ ನನಗೂ ಬೆನ್ನು ಹಾಕಿ ಕೂತ.

ಇನ್ನು ಮೂತ್ರ. ಅದರ ಬಣ್ಣ, ಪ್ರಮಾಣ ನೋಡುತ್ತಿರಬೇಕು, ಸಾಧ್ಯವಾದರೆ ಸ್ವಲ್ಪ ಹಿಡಿದಿಡಬೇಕು ಎಂದು ವಿಶಾಲ ಹೇಳಿದ್ದಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಉದ್ದ ಹಿಡಿಯ ಸಾರಿನ ಸೌಟು ಹಿಡಿದು ನಾನು ಬೊಗ್ಗುವಿನ ಹಿಂದೆ ಮಡಂತ್ಯಾರು ಪೇಟೆಯಲ್ಲಿ ನಡೆದೆ. ಅವನು ಲೈಟು ಕಂಬದ ಬಳಿ ನಿಂತರೆ ನಾನೂ ನಿಂತೆ. ಅವನು ಕಾಲೆತ್ತಿದ, ನಾನು ಸೌಟು ಚಾಚಿದೆ, ಅವನು ಕಾಲಿಳಿಸಿದ. ಮುಂದಿನ ಕಂಬದಲ್ಲಿಯೂ ಅದೇ ಕಥೆ. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಗಿರಾಕಿಯೊಬ್ಬರು, “ಹೊಸ ಸ್ಕೀಮಾ ಮೇಡಂ?” ಎಂದು ಕೇಳಿದರು. ಊರಿನ ಕಂಬಗಳನ್ನೆಲ್ಲ ತನ್ನವೆಂದು ಆಳಿಕೊಂಡಿದ್ದ ಪ್ರಾಣಿ ಅವತ್ತು ಒಂದು ಹನಿ ಇಳಿಸದೆ ಮನೆಗೆ ಬಂತು. ನಾನು ತಂಗಿಗೆ ಫೋನು ಮಾಡಿ, ಮೂತ್ರ ನಿಂತಿದೆ ಎಂದು ಗೋಳಾಡಿದೆ.

ಈಗ ಕೂತು ನೋಡಿದರೆ ಎಲ್ಲ ಸ್ಪಷ್ಟ. ಎರಡನೆಯ ಹುಣ್ಣು, ಊಟ ಬಿಡುವುದು, ಮಂಕು, ಮೂತ್ರ ಕಟ್ಟುವುದು, ಅಲಬಾಮಾದ ಲಕ್ಷಣಗಳಲ್ಲಿ ಹೆಚ್ಚಿನವನ್ನು ನಾನು ಒಂದೊಂದಾಗಿ ಆ ನಾಯಿಗೆ ಪ್ರೀತಿಯಿಂದ ತಂದುಕೊಟ್ಟಿದ್ದೆ. ಆದರೆ ಆಗ ಅದು ಕಾಣುತ್ತಿರಲಿಲ್ಲ. ಅವನು ಸಾಯುತ್ತಾನೆ ಎಂದೇ ನನಗೆ ಅನಿಸಿತ್ತು. ಊರಲ್ಲಿ ಎಷ್ಟೋ ಸಾವಿನ ಮನೆಗೆ ಫಾರ್ಮು ಹಿಡಿದು ಹೋಗಿ, ತಲೆ ತಗ್ಗಿಸಿ ಕೂತು, ಹೇಳಬೇಕಾದ್ದನ್ನು ಹೇಳಿ ಬಂದಿದ್ದೇನೆ. ಒಂದು ಊರ ನಾಯಿಯ ಬಗ್ಗೆ ಇಷ್ಟು ದಿಗಿಲಾಗುತ್ತದೆಂದು ನಾನು ಎಣಿಸಿರಲಿಲ್ಲ. 

ಬೊಗ್ಗುವನ್ನು ಕಾರಿಗೆ ಹತ್ತಿಸಿ ಮೂಡುಬಿದಿರೆಯ ನಾಯಿ ಕ್ಲಿನಿಕ್ಕಿಗೆ ಕೊಂಡುಹೋದೆವು. ಅಲ್ಲಿಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮುಖದಲ್ಲಿ ಗಾಬರಿಯೆಂಬುದೇ ಇಲ್ಲ. ನಾನು ಅಲಬಾಮಾದ ಚರಿತ್ರೆಯನ್ನು ಮೊದಲಿನಿಂದ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಬೊಗ್ಗುವಿನ ಕಿವಿಯನ್ನು ಮಗುಚಿ ತೋರಿಸಿದರು. ಒಳಗೆ ಉಣ್ಣಿಗಳು ಸಾಲಾಗಿ ಕೂತಿದ್ದವು. ನಾಲ್ಕು ಕಾಲನ್ನು ಬೆರಳು ಬಿಡಿಸಿ ತೊಳೆದವಳು ಒಂದು ದಿನವೂ ಕಿವಿಯೊಳಗೆ ನೋಡಿರಲಿಲ್ಲ. ನಾನು ಇಂಗ್ಲೆಂಡಿನ ಕೆಸರನ್ನು ಕಾಯುತ್ತಿದ್ದಾಗ ಊರಿನ ಉಣ್ಣಿ ತನ್ನ ಕೆಲಸ ಮಾಡಿಕೊಂಡಿತ್ತು.

ರಕ್ತ ಪರೀಕ್ಷೆಯ ವರದಿ ಬಂತು. “ಉಣ್ಣಿ ಜ್ವರ. ಅಲಬಾಮಾ ಅಲ್ಲ” ಎಂದರು ಡಾಕ್ಟರಮ್ಮ. ನಾನು ಉಸಿರು ಬಿಡುವಷ್ಟರಲ್ಲಿ, “ಆದ್ರೆ ಕಿಡ್ನಿಗೆ ಸ್ವಲ್ಪ ತಾಗಿದೆ. ಊಟವೂ ಬಿಟ್ಟಿದ್ದಾನಲ್ಲ. ಮಾತ್ರೆಯ ಒಟ್ಟಿಗೆ ದಿನಾ ಡ್ರಿಪ್ ಹಾಕ್ಬೇಕು, ಅದು ತಪ್ಪಿದ್ರೆ ನಾನು ಏನೂ ಹೇಳ್ಲಿಕ್ಕಾಗುದಿಲ್ಲ” ಎಂದರು. ಕಾಲನ್ನು ನೋಡಿ, “ಇದನ್ನು ಎಂತದಕ್ಕೆ ಇಷ್ಟು ತೊಳೆದದ್ದು? ಬೆರಳ ಸಂದು ಎಲ್ಲ ಕೊಳೆತು ಹೋಗಿದೆ” ಎಂದೂ ಕೇಳಿದರು. ನನ್ನ ಗಂಡ ಗೋಡೆಯ ಕ್ಯಾಲೆಂಡರು ಓದತೊಡಗಿದರು.

ಡಾಕ್ಟರಮ್ಮನ ಮನೆ ಗುರುವಾಯನಕೆರೆ ಕಡೆಯಾದ್ದರಿಂದ, ಬೆಳಗ್ಗೆ ಕ್ಲಿನಿಕ್ಕಿಗೆ ಹೊರಟಾಗ ನಮ್ಮಲ್ಲಿಗೆ ಬಂದು ಡ್ರಿಪ್ ಹಾಕಿ ಹೋಗುತ್ತೇನೆಂದು ಒಪ್ಪಿದರು. ಎಲ್ಲ ಸರಿಯಾಯಿತು ಎಂದುಕೊಂಡು ಮನೆಗೆ ಬಂದು ಕಾರಿನ ಬಾಗಿಲು ತೆಗೆದರೆ, ಬೊಗ್ಗು ನನ್ನ ಕೈತಪ್ಪಿಸಿ ಓಡಿ ಉಸ್ಮಾನಾಕನ ಮನೆಯ ಹಿಂದಿನ ಸೌದೆ ಕೊಟ್ಟಿಗೆ ಹೊಕ್ಕ. ಕರೆದರೆ ಬರಲಿಲ್ಲ. ಬಗ್ಗಿ ಕೈಚಾಚಿದೆ. ಕತ್ತಲಲ್ಲಿ ಹಲ್ಲು ಕಂಡಿತು. ನನ್ನ ಕೈಯ ದೋಸೆ ತಿಂದು ಬೆಳೆದವನು ನನಗೆ ಗುರ್ ಎಂದ. ನಾನು ಹಾಗೇ ಹಿಂದಕ್ಕೆ ಬಂದು ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಅವನ ಮಟ್ಟಿಗೆ ಕಾಯಿಲೆಯೆಂದರೆ ನಾನೇ ಎಂದು ಅರ್ಥವಾಗಿತ್ತು.

ಮರುದಿನ ಬೆಳಗ್ಗೆ ಡಾಕ್ಟರಮ್ಮ ಬಂದರು. ನಾನು ಹೋದರೆ ಅವನು ಇನ್ನೂ ಒಳಕ್ಕೆ, ನನ್ನ ಗಂಡ ಹೋದರೂ ಅದೇ. ಅತ್ತೆ ಬೆಲ್ಲ ತೋರಿಸಿ ಕರೆದರು. ಡಾಕ್ಟರಮ್ಮ ಗಡಿಯಾರ ನೋಡಿ, “ಯಾರಾದ್ರೂ ಹಿಡಿದುಕೊಳ್ಳದೆ ಆಗ್ಲಿಕ್ಕಿಲ್ಲ. ಬಲಾತ್ಕಾರ ಮಾಡಿದ್ರೆ ಇರುವ ಶಕ್ತಿಯೂ ಹೋಗ್ತದೆ” ಎಂದರು. ಉಸ್ಮಾನಾಕ ಹಿತ್ತಲ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಒಳಗೆ ಹೋಗಿ ಅಂಗಿಯ ತೋಳು ಮಡಿಸಿಕೊಂಡು ಬಂದರು.

ಅವರ ಹೆಂಡತಿ ಜೊಹರಾ ಹಿಂದಿನಿಂದ, “ನೀವು ಎಲ್ಲಿಗೆ?” ಎಂದು ಕೇಳಿದರು.

“ಇಲ್ಲೇ” ಎಂದು ಕೊಟ್ಟಿಗೆಯೊಳಗೆ ಬಗ್ಗಿ, ನೆಲದಲ್ಲಿ ಕೂತು, “ಬಾ” ಎಂದರು. ದಿನಾ ಮೀನಿಗೆ ಕರೆಯುವ ಅದೇ ಸ್ವರ. ಬೊಗ್ಗು ಸ್ವಲ್ಪ ಮುಂದೆ ಬಂದ. ಎಂದಿನ ದೂರದಲ್ಲಿ ನಿಂತ. ಈ ಮನುಷ್ಯನ ಹತ್ತಿರ ಅದಕ್ಕಿಂತ ಮುಂದೆ ಹೋಗಬಾರದು ಎಂದು ಅವನಿಗೆ ಗೊತ್ತಿತ್ತಲ್ಲ. ಆಗ ಉಸ್ಮಾನಾಕನೇ ಕೂತಲ್ಲಿಂದ ಮುಂದಕ್ಕೆ ಜರುಗಿದರು. ಬೊಗ್ಗು ಅವರನ್ನೊಮ್ಮೆ ನೋಡಿ, ಒದ್ದೆ ಮೂತಿಯನ್ನು ತಂದು ಅವರ ಬರಿ ತೋಳಿನ ಮೇಲಿಟ್ಟ. ಡಾಕ್ಟರಮ್ಮ ಸೂಜಿ ಚುಚ್ಚಿದರು. ಬಾಟಲಿ ಖಾಲಿಯಾಗುವವರೆಗೂ ಇಬ್ಬರೂ ಅಲುಗಲಿಲ್ಲ.

ಮುಗಿದ ಮೇಲೆ ಉಸ್ಮಾನಾಕ ನಲ್ಲಿಯ ಹತ್ತಿರ ಬಂದು, ತೆಂಗಿನ ಬುಡದಿಂದ ಒಂದು ಹಿಡಿ ಮಣ್ಣು ತೆಗೆದು ನೀರು ಸೇರಿಸಿ ತೋಳಿಗೆ ಹಚ್ಚಿ ತೊಳೆದರು. ಆಮೇಲೆ ಬರೀ ನೀರು. ಒಟ್ಟು ಏಳು ಸಲ, ಅದರಲ್ಲಿ ಒಮ್ಮೆ ಮಣ್ಣಿನಲ್ಲಿ, ಅದು ಅವರ ಕ್ರಮ. ಜೊಹರಾ ಮಗ್ಗಿನಲ್ಲಿ ನೀರು ಎರೆದರು. ಯಾವ ಮಣ್ಣಿಗೆ ಹೆದರಿ ನಾನು ಟಾರ್ಪಾಲು ಹಾಸಿದ್ದೆನೋ ಅದೇ ಮಣ್ಣಿನಲ್ಲಿ ಪಕ್ಕದ ಮನೆಯವರು ಶುದ್ಧರಾಗುತ್ತಿದ್ದರು. ನಾನು ಸಂಕೋಚದಿಂದ, “ನಮ್ಮಿಂದಾಗಿ ನಿಮಗೆ ಕಷ್ಟ ಆಯ್ತು ಉಸ್ಮಾನಾಕ” ಎಂದೆ.

“ಎಂತ ಕಷ್ಟ?” ಎಂದರು. “ಮುಟ್ಟಿದ್ರೆ ಹೀಗೆ ತೊಳೀಬೇಕು ಅಂತ ಹೇಳಿಕೊಟ್ಟದ್ದು ಎಂತಕ್ಕೆ? ಮುಟ್ಟುವ ಸಂದರ್ಭ ಬರ್ತದೆ ಅಂತ ಗೊತ್ತಿದ್ದೇ ಅಲ್ವಾ?”

ನನ್ನ ವೃತ್ತಿಯಲ್ಲಿ ನಿಯಮಗಳ ಪುಟಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಎಲ್ಲಿ ತಪ್ಪಿಸಿಕೊಳ್ಳಬಹುದು ಎಂದು ಹುಡುಕಲು ಓದಿದ್ದೇ ಹೆಚ್ಚು. ನಿಯಮವನ್ನು ಹೀಗೆ ಓದುವವರನ್ನು ಅವತ್ತೇ ಕಂಡದ್ದು.

ಹಾಗೆ ದಿನಾ ಡಾಕ್ಟರಮ್ಮ ಬಂದರು, ದಿನಾ ಉಸ್ಮಾನಾಕ ಕೂತರು, ದಿನಾ ತೊಳೆತ ನಡೆಯಿತು. ಬೊಗ್ಗು ಮೊದಲು ಗಂಜಿ ನೆಕ್ಕಿದ. ಆಮೇಲೊಂದು ಬೆಳಗ್ಗೆ ಕೊಟ್ಟಿಗೆಯಿಂದ ಹೊರಬಂದು, ನನ್ನ ಮುಖ ನೋಡುತ್ತಲೇ ನಮ್ಮ ಗೇಟಿನ ಕಂಬಕ್ಕೆ ಕಾಲೆತ್ತಿ, ತಿಂಗಳಿಂದ ಕೂಡಿಟ್ಟದ್ದೆಲ್ಲ ಅದೋ ಎಂಬ ಹಾಗೆ ಬಹಳ ಹೊತ್ತು ನಿಂತ. ನನ್ನ ಕೈಯಲ್ಲಿ ಸೌಟಿರಲಿಲ್ಲ. ಅಷ್ಟು ಸಂತೋಷ ನನಗೆ ಯಾವ ಗಿರಾಕಿಯ ಸಹಿಯಿಂದಲೂ ಆದದ್ದಿಲ್ಲ. ವರದಿ ನೋಡಿ ಡಾಕ್ಟರಮ್ಮ, ಕಿಡ್ನಿ ಚೇತರಿಸಿದೆ, ನಾಳೆಯಿಂದ ಡ್ರಿಪ್ ಬೇಡ, ಮಾತ್ರೆ ಸಾಕು ಎಂದರು.

ಮರುದಿನ ಬೆಳಗ್ಗೆ ಬಟ್ಟೆ ಒಣಗಿಸುತ್ತಿದ್ದಾಗ ಪಕ್ಕದ ಹಿತ್ತಲಲ್ಲಿ ನಲ್ಲಿ ಬಿಟ್ಟ ಸದ್ದಾಯಿತು. ನೋಡಿದರೆ ಉಸ್ಮಾನಾಕ ತೋಳು ಮಡಿಸಿಕೊಂಡು ನಿಂತಿದ್ದರು, ಒಂದು ಕೈಯಲ್ಲಿ ಮಣ್ಣು. ಬೊಗ್ಗು ಕೊಟ್ಟಿಗೆಯ ಬಾಗಿಲಲ್ಲಿ ಕಾಲು ಚಾಚಿ ಮಲಗಿದ್ದ.

“ಇವತ್ತು ಡ್ರಿಪ್ ಇರ್ಲಿಲ್ವಲ್ಲ ಉಸ್ಮಾನಾಕ?” ಎಂದು ಬೇಲಿಯ ಈಚೆಯಿಂದ ಕೇಳಿದೆ.

“ಇರ್ಲಿಲ್ಲ” ಎಂದು ಅವರು ಮಣ್ಣು ಹಚ್ಚಿಕೊಳ್ಳುವುದನ್ನು ಮುಂದುವರಿಸಿದರು.

ಜೊಹರಾ ಒಳಗೆ ಅಕ್ಕಿಯ ಪತ್ತಿರಿ ಬೇಯಿಸುತ್ತಿದ್ದರು. ನಾನು ಬಟ್ಟೆ ಅಲ್ಲಿಗೇ ಬಿಟ್ಟು ಹೋಗಿ, ಮಗ್ಗು ತೆಗೆದುಕೊಂಡು ಉಸ್ಮಾನಾಕನ ಕೈಗೆ ನೀರು ಎರೆದೆ. ಒಂದಾಯಿತು, ಎರಡಾಯಿತು. ನಾನು ಬಾಯಲ್ಲಿ ಲೆಕ್ಕ ಹಾಕುವುದು ಕೇಳಿ ಅವರು ಕೈ ಹಿಂದಕ್ಕೆಳೆದುಕೊಂಡರು.

“ಲೆಕ್ಕ ನಾನೇ ಹಾಕ್ತೇನೆ” ಎಂದರು. “ನಿಮಗೆ ಬಿಟ್ರೆ ನೀವು ನನ್ನನ್ನೂ ತೊಳೆದು ತೊಳೆದು ಹುಣ್ಣು ಮಾಡ್ತೀರಿ.”